ಸೀಟಿನ ಕೌದಿ

ಕೊಡಗು ಸರ್ಕಾರ ಚನ್ನಬಸಮ್ಮನಿಗೆ ಸೈಕಲ್ಲು ಕೊಟ್ಟಾಗ ಅದರ ಜೊತೆಗೆ ಒಂದು ಪಂಪು, ಒಂದು ಸ್ಪ್ಯಾನರು, ಒಂದು ಬೆಲ್ಲು, ಹಿಂದಿನ ಚಕ್ರಕ್ಕೆ ಸೀರೆ ಸಿಕ್ಕದ ಹಾಗೆ ಒಂದು ಬಲೆ, ಇಷ್ಟನ್ನೂ ಕೊಟ್ಟು ಇಷ್ಟಕ್ಕೂ ಸಹಿ ಹಾಕಿಸಿಕೊಂಡಿತ್ತು. ದಿನಕ್ಕೆ ಹದಿನೆಂಟು ಮೈಲಿ ಅದರ ಮೇಲೆ ಕೂತವರಿಗೆ ಏನಾಗುತ್ತದೆ ಎಂಬ ಬಗ್ಗೆ ಮಾತ್ರ ಯಾವ ಕಾಗದವೂ ಇರಲಿಲ್ಲ.

ಚನ್ನಬಸಮ್ಮ ಹೆಬ್ಬಾಲೆಯ ಹೆರಿಗೆ ಕೇಂದ್ರದ ಮಿಡ್‌ವೈಫು. ಊರವರ ಬಾಯಲ್ಲಿ ನರ್ಸಮ್ಮ. ಮೈಸೂರಿನಲ್ಲಿ ಒಂದು ವರ್ಷ ಕಾಲೇಜು ಓದಿ, ಮದುವೆಯಾಗಿ, ಎರಡನೇ ವರ್ಷಕ್ಕೇ ಗಂಡನನ್ನು ಮಲೇರಿಯಾದಲ್ಲಿ ಕಳೆದುಕೊಂಡು, ಮತ್ತೆ ಮೈಸೂರಿಗೇ ಹೋಗಿ ಹೆರಿಗೆ ಮಾಡಿಸುವುದನ್ನು ಕಲಿತು ಬಂದವಳು. ತಾಯಿ ರುದ್ರಮ್ಮನ ಜೊತೆ ಕೇಂದ್ರದ ಹಿಂದಿನ ಎರಡು ಕೋಣೆಗಳಲ್ಲಿ ವಾಸ. ಕೆಲಸ ಇನ್ನೂ ಹಂಗಾಮಿ. ಬರುವ ಮಾರ್ಚಿಗೆ ಮೂರು ವರ್ಷ ತುಂಬುತ್ತದೆ. ಆಗ ಮಡಿಕೇರಿಯವರು ಕಾಯಂ ಮಾಡಬೇಕು, ಇಲ್ಲವೇ ಏಪ್ರಿಲ್ ಒಂದರಿಂದ ಬರಬೇಡ ಎನ್ನಬೇಕು. ತಾಯಿ ಮಗಳಿಬ್ಬರ ಅನ್ನ ಆ ಒಂದು ಕಾಗದದ ಮೇಲೆ ನಿಂತಿತ್ತು. ಹಾಗಾಗಿ ಅವಳು ಮಾತನ್ನು ತೂಕ ಮಾಡಿ ಆಡುತ್ತಿದ್ದಳು. ತೂಕ ಮಾಡುತ್ತ ಮಾಡುತ್ತ ಎಷ್ಟೋ ಸಲ ಆಡುವುದನ್ನೇ ಬಿಟ್ಟುಬಿಡುತ್ತಿದ್ದಳು.

ಸೈಕಲ್ಲು ಮನೆಗೆ ಬಂದ ದಿನ ರುದ್ರಮ್ಮ ಅದಕ್ಕೆ ವಿಭೂತಿ ಹಚ್ಚಿ, ಸುತ್ತ ಒಂದು ಪ್ರದಕ್ಷಿಣೆ ಬಂದು, ಸೀಟಿನ ಹತ್ತಿರ ನಿಂತಳು.

"ಏನೇ ಇದು, ಚರ್ಮದ್ದಲ್ವಾ?"

"ಹೂಂ ಕಣವ್ವ. ಎಲ್ಲಾ ಸೈಕಲ್ಲಿಗೂ ಚರ್ಮದ್ದೇ."

"ಎಲ್ಲರ ಕೊರಳಲ್ಲೂ ಲಿಂಗ ಇರುತ್ತಾ?"

"ಚಪ್ಪಲಿ ಹಾಕ್ಕೊಂಡು ಓಡಾಡ್ತೀನಲ್ಲ, ಅದೂ ಚರ್ಮದ್ದೇ ತಾನೆ."

"ಚಪ್ಪಲಿ ಕಾಲಲ್ಲಿರುತ್ತೆ. ಅದರ ಜಾಗ ಅದು. ಮೈಮೇಲೆ ಲಿಂಗ ಇಟ್ಕೊಂಡು ಚರ್ಮದ ಮೇಲೆ ಕೂರೋದು ಅಂದ್ರೆ ಏನು? ನಿಮ್ಮಪ್ಪ ಇದ್ದಿದ್ರೆ ಒಪ್ಪೋರಾ?"

ಅಪ್ಪ ಇದ್ದಿದ್ದರೆ ಮಗಳು ಸೈಕಲ್ಲು ಹತ್ತುವುದನ್ನೇ ಒಪ್ಪುತ್ತಿರಲಿಲ್ಲ. ಆದರೆ ಅದನ್ನು ಹೇಳಿ ಸೈಕಲ್ಲನ್ನೇ ಕಳೆದುಕೊಳ್ಳುವುದಕ್ಕಿಂತ ಸುಮ್ಮನಿರುವುದು ಮೇಲು ಎಂದು ಚನ್ನಬಸಮ್ಮ ಸುಮ್ಮನಾದಳು. ರುದ್ರಮ್ಮ ಎರಡು ದಿನ ಕೂತು ಹಳೆಯ ಸೀರೆಗಳ ನಾಲ್ಕು ಪದರ ಸೇರಿಸಿ ಸೀಟಿನ ಅಳತೆಗೆ ಒಂದು ಪುಟ್ಟ ಕೌದಿ ಹೊಲಿದಳು. ಹಾಸುವ ಕೌದಿಗೆ ಹಾಕುವಂತೆಯೇ ದಪ್ಪ ದಾರದಲ್ಲಿ ಚೌಕ ಚೌಕವಾಗಿ ಹೊಲಿಗೆ, ಚೌಕದ ಮೂಲೆಗೊಂದು ಗಂಟು, ಕೆಳಗೆ ಬಿಗಿದು ಕಟ್ಟಲು ನಾಲ್ಕು ದಾರ. ನೋಡಿದವರೆಲ್ಲ ಹೊಗಳಿದರು. ಸರ್ಕಾರದ ಸೈಕಲ್ಲುಗಳಲ್ಲಿ ಕೌದಿ ಹೊದ್ದದ್ದು ಅದೊಂದೇ ಇರಬೇಕು.

ಮೊದಲ ವಾರ ಹುರುಪಿನಲ್ಲಿ ಏನೂ ತಿಳಿಯಲಿಲ್ಲ. ಎರಡನೇ ವಾರ ಚರ್ಮ ಕೆಂಪಾಯಿತು. ಮೂರನೇ ವಾರ ಸುಲಿಯಿತು. ಆಗ ಶ್ರಾವಣ, ಕೌದಿ ಬೆಳಗ್ಗೆ ನೆಂದರೆ ಸಂಜೆಯವರೆಗೂ ಹಸಿಯಾಗಿಯೇ ಇರುತ್ತಿತ್ತು. ಒದ್ದೆ ಬಟ್ಟೆ, ಅದರ ಮೇಲೆ ಸೀರೆಯ ಮಡಿಕೆ, ನಡುವೆ ಆ ಗಂಟುಗಳು. ಶಿರಂಗಾಲದ ಕಡೆಯ ಒಂಬತ್ತು ಮೈಲಿ ಹೋಗಿ ಒಂಬತ್ತು ಮೈಲಿ ಬರುವ ಹೊತ್ತಿಗೆ ತೊಡೆಸಂದಿಯಲ್ಲಿ ಯಾರೋ ಮೆಣಸಿನಕಾಯಿ ಅರೆದ ಹಾಗೆ ಇರುತ್ತಿತ್ತು.

"ಯಾಕೆ ನಿಂತ್ಕೊಂಡು ಉಣ್ತಾ ಇದೀಯ?" ಎಂದು ಒಂದು ಸಂಜೆ ರುದ್ರಮ್ಮ ಕೇಳಿದಳು.

"ಏನಿಲ್ಲ ಅವ್ವ. ಸೀಟು ಸ್ವಲ್ಪ ಗಟ್ಟಿ."

ಹೇಳಬಹುದಾದದ್ದರಲ್ಲಿ ಅತ್ಯಂತ ಮರ್ಯಾದೆಯ ಮಾತು ಅದು. ಅದರ ಫಲವಾಗಿ ವಾರದೊಳಗೆ ಮೊದಲಿನ ಕೌದಿಯ ಮೇಲೆ ಎರಡನೆಯದು ಬಂತು. ನೋವು ಹೆಚ್ಚಿತು. "ಇನ್ನೂ ಗಟ್ಟಿನಾ?" "ಸ್ವಲ್ಪ." ದೀಪಾವಳಿಗೆ ಮೂರನೆಯದು ಬಂತು. ಈಗ ಸೀಟು ಎಷ್ಟು ಎತ್ತರವಾಯಿತೆಂದರೆ ಪೆಡಲು ಕೆಳಗೆ ಹೋದಾಗ ಅವಳ ಕಾಲು ಎಟುಕುತ್ತಿರಲಿಲ್ಲ. ಸೊಂಟ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳಿ ತುಳಿಯಬೇಕಾಗಿತ್ತು. ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರು ತಲೆಯೆತ್ತಿ, ನರ್ಸಮ್ಮನ ಸವಾರಿ ನೋಡ್ರೇ ಎನ್ನುತ್ತಿದ್ದರು.

ಔಷಧಿಯೇನು ಅವಳಿಗೆ ತಿಳಿಯದ್ದಲ್ಲ. ಬಿಸಿನೀರಲ್ಲಿ ತೊಳೆದು, ಒಣಗಿಸಿ, ಬೋರಿಕ್ ಪುಡಿ ಹಾಕಿ, ಬೋರಲು ಮಲಗುತ್ತಿದ್ದಳು. ಭಾನುವಾರ ಮಾಯುತ್ತಿತ್ತು, ಸೋಮವಾರ ಮತ್ತೆ ಸುಲಿಯುತ್ತಿತ್ತು. ಬೇರೆಯವರ ಮೈಯಲ್ಲಿ ಒಂದು ಗುಳ್ಳೆ ಎದ್ದರೂ ಯಾಕೆ ಎದ್ದಿತೆಂದು ಬೆನ್ನುಹತ್ತಿ ಕೇಳುವವಳು, ತನ್ನ ಹುಣ್ಣಿನ ಕಾರಣವನ್ನು ಮಾತ್ರ ಹುಡುಕಲಿಲ್ಲ. ಸರ್ಕಾರದ ಸೈಕಲ್ಲು, ಹೆತ್ತ ತಾಯಿಯ ಕೌದಿ. ಎರಡರ ಮೇಲೂ ತಪ್ಪು ಹೊರಿಸುವ ಹಾಗಿರಲಿಲ್ಲ. ಬಸುರಿಯರಿಗೆ ಅವಳು ಮೊದಲು ಹೇಳುತ್ತಿದ್ದುದೇ, ನೋವಿದ್ದರೆ ಎಲ್ಲಿ ಅಂತ ಬಾಯಿಬಿಟ್ಟು ಹೇಳಿ, ನಾಚಿಕೆ ಪಡಬೇಡಿ ಎಂದು. ಆ ಬುದ್ಧಿಮಾತು ಬೇರೆಯವರಿಗೆ ಹೇಳುವುದಕ್ಕಾಗಿಯೇ ಇದ್ದದ್ದು.

ಹೀಗೆ ಅವಳು ಹೋದ ಮನೆಗಳಲ್ಲಿ ಕೂರುವುದನ್ನು ಬಿಟ್ಟಳು. ಹೆರಿಗೆ ಮಾಡಿಸುವುದು ಮಂಡಿಯೂರಿ; ಅದಕ್ಕೆ ತೊಂದರೆ ಇರಲಿಲ್ಲ. ಆದರೆ ಕೆಲಸ ಮುಗಿದ ಮೇಲೆ ಮನೆಯವರು ಮಣೆ ಹಾಕುತ್ತಾರೆ, ಚಾಪೆ ಬಿಡಿಸುತ್ತಾರೆ, ಬೆಲ್ಲ ನೀರು ಕೊಡುತ್ತಾರೆ. ಅವಳು, "ಪರವಾಗಿಲ್ಲ, ನಿಂತೇ ಇರ್ತೀನಿ," ಎಂದು ನಿಂತೇ ಕುಡಿಯುತ್ತಾಳೆ. ಒಂದು ಮನೆಯಲ್ಲಿ ಹಾಸಿದ್ದರ ಮೇಲೆ ಕೂರದೆ ಹೋಗುವುದಕ್ಕೆ ಆ ಸೀಮೆಯಲ್ಲಿ ಒಂದೇ ಅರ್ಥವಿತ್ತು. ಅದು ಚನ್ನಬಸಮ್ಮನಿಗೆ ಗೊತ್ತಿರಲಿಲ್ಲವೆಂದಲ್ಲ. ತನ್ನ ವಿಷಯದಲ್ಲಿ ಯಾರೂ ಹಾಗೆ ತಿಳಿಯಲಾರರು ಎಂದುಕೊಂಡಿದ್ದಳು.

ಮರಳುಕಟ್ಟೆಯ ಸಣ್ಣಸ್ವಾಮಿ ಹಾಗೇ ತಿಳಿದ. ಅವನು ಊರಿನ ಸುಧಾರಣಾ ಸಂಘದ ಕಾರ್ಯದರ್ಶಿ, ಅನುಕೂಲವಂತ ಒಕ್ಕಲಿಗ. ಹೆಂಡತಿ ವನಜಮ್ಮನಿಗೆ ಐದು ತಿಂಗಳಾದಾಗ, ನೋಡಲು ಬರುವ ನರ್ಸಮ್ಮ ಕೂರಲಿ ಎಂದೇ ಮೈಸೂರಿನಿಂದ ಕೆಂಪು ಮಖಮಲ್ಲಿನ ಕುರ್ಚಿ ತರಿಸಿ ನಡುಮನೆಯಲ್ಲಿ ಇರಿಸಿದ್ದ. ನರ್ಸಮ್ಮ ಬಂದಳು, ವನಜಮ್ಮನ ನಾಡಿ ನೋಡಿದಳು, ಕಾಲು ಊದಿದೆಯೇ ಎಂದು ಒತ್ತಿ ನೋಡಿದಳು, ಅರ್ಧ ಗಂಟೆ ಆ ಕುರ್ಚಿಯ ಪಕ್ಕದಲ್ಲೇ ನಿಂತಿದ್ದು ಹೋದಳು.

"ಕೂತ್ಕೊಳಿ ನರ್ಸಮ್ಮೋರೆ, ನಿಮಗೇ ಅಂತ ತಂದಿದ್ದು," ಎಂದು ಅವನು ಮೂರು ಸಲ ಹೇಳಿದ್ದ.

"ಪರವಾಗಿಲ್ಲ, ನನಗೆ ನಿಂತೇ ಅಭ್ಯಾಸ," ಎಂದು ಅವಳು ಮೂರು ಸಲವೂ ಹೇಳಿದ್ದಳು.

ತಾನು ಲಿಂಗಾಯತಳೆಂಬ ಜಂಬ ಎಂದು ಸಣ್ಣಸ್ವಾಮಿ ತೀರ್ಮಾನಿಸಿದ. ಆದರೆ ಒಕ್ಕಲಿಗರ ಮನೆಯ ಮಖಮಲ್ಲಿನ ಕುರ್ಚಿಗೆ ಅವಮಾನವಾಯಿತೆಂದು ಮಡಿಕೇರಿಗೆ ಬರೆದರೆ ಯಾರು ಓದುತ್ತಾರೆ? ಅದೇ ವಾರ ಕೆಳಗಿನ ಕೇರಿಯಲ್ಲಿ, ಚರ್ಮದ ಕೆಲಸದ ಚಿಕ್ಕನ ಮನೆಯಲ್ಲಿ, ಸೊಸೆ ಚಿನ್ನನಿಗೆ ಹೆರಿಗೆಯಾಗಿತ್ತು. ಅಲ್ಲಿಯೂ ನರ್ಸಮ್ಮ ಹೊಸ ಚಾಪೆಯ ಮೇಲೆ ಕೂರದೆ ಹೋದಳೆಂಬ ಸುದ್ದಿ ಅವನ ಕಿವಿಗೆ ಬಿತ್ತು. ಸಣ್ಣಸ್ವಾಮಿಗೆ ದಲಿತರ ಮೇಲೆ ತಕ್ಷಣ ಕನಿಕರ ಹುಟ್ಟಿತು. ಸಂವಿಧಾನ ಬಂದು ನಾಲ್ಕು ವರ್ಷವಾದರೂ ಸರ್ಕಾರದ ಸಂಬಳ ತಿನ್ನುವವರೇ ಅಸ್ಪೃಶ್ಯತೆ ಆಚರಿಸುತ್ತಿದ್ದಾರೆ ಎಂದು ಎರಡು ಪುಟದ ಅರ್ಜಿ ಬರೆದ. ಕುರ್ಚಿಯ ವಿಷಯ ಅದರಲ್ಲಿರಲಿಲ್ಲ.

ಕೊಡಗು ಆಗ ಒಂದು ರಾಜ್ಯವೇ ಆದರೂ, ಬೆಳಗ್ಗೆ ಮಡಿಕೇರಿ ಬಿಟ್ಟ ಜೀಪು ಊರೂರು ಸುತ್ತಿ ಸಂಜೆಯ ಕಾಫಿಗೆ ವಾಪಸಾಗಬಹುದಾದಷ್ಟು ರಾಜ್ಯ. ಅರ್ಜಿಗೆ ದೂರ ಹೋಗಬೇಕಿರಲಿಲ್ಲ. ಜನವರಿಯ ಕೊನೆಗೆ ಚನ್ನಬಸಮ್ಮನಿಗೆ ನೋಟೀಸು ಬಂತು: ದಿನಾಂಕ ಇಂಥದ್ದರಂದು ಚಿಕ್ಕನ ಮನೆಯಲ್ಲಿ ಆಸನ ಸ್ವೀಕರಿಸಲು ನಿರಾಕರಿಸಿದ್ದೇಕೆ, ಹತ್ತು ದಿನದಲ್ಲಿ ವಿವರಣೆ ನೀಡತಕ್ಕದ್ದು. ವಿವರಣೆ ತೃಪ್ತಿಕರವಾಗಿರದಿದ್ದಲ್ಲಿ ಹಂಗಾಮಿ ನೇಮಕವನ್ನು ಮುಂದುವರಿಸಲಾಗುವುದಿಲ್ಲ.

ಅವಳು ಕಾಗದ ತೆಗೆದುಕೊಂಡು, ಕಿಟಕಿಯ ಕಟ್ಟೆಯ ಮೇಲಿಟ್ಟು, ನಿಂತೇ ಬರೆಯತೊಡಗಿದಳು. 'ಅನಿವಾರ್ಯ ಶಾರೀರಿಕ ಕಾರಣಗಳಿಂದ' ಎಂದು ಬರೆದು ನೋಡಿದಳು. ಯಾವ ಶರೀರ, ಯಾವ ಕಾರಣ ಎಂದು ಕೇಳುತ್ತಾರೆ. 'ಸ್ತ್ರೀಯರಿಗೆ ಸಹಜವಾದ ತೊಂದರೆಯಿಂದ' ಎಂದು ಬದಲಿಸಿದಳು. ವಿಧವೆಯೊಬ್ಬಳು ಹೀಗೆ ಬರೆದರೆ ಗುಮಾಸ್ತರು ಲೆಕ್ಕ ಹಾಕುವುದು ಒಂಬತ್ತು ತಿಂಗಳನ್ನು. ಅದನ್ನು ಒಲೆಗೆ ಹಾಕಿದಳು. 'ವಾಹನದ ಆಸನದ ದೋಷದಿಂದ' ಎಂದರೆ ಮೊದಲು ಸೈಕಲ್ಲನ್ನು ವಾಪಸು ತರಿಸಿಕೊಳ್ಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಬರೆಯಲು ಬೇಕಾದ ಪದಗಳು ಅವಳಿಗೆ ಗೊತ್ತಿದ್ದವು, ಮೈಸೂರಿನಲ್ಲಿ ಅವನ್ನು ಇಂಗ್ಲಿಷಿನಲ್ಲೂ ಕಲಿತಿದ್ದಳು. ಆ ಪದಗಳಿರುವ ಕಾಗದ ಕಚೇರಿಯಲ್ಲಿ ಎಷ್ಟು ಮೇಜು ದಾಟುತ್ತದೆ, ಪ್ರತಿ ಮೇಜಿನಲ್ಲೂ ಎಷ್ಟು ಜನ ಬಗ್ಗಿ ಓದುತ್ತಾರೆ ಎಂದು ನೆನೆದು ಕೈ ನಿಂತುಹೋಯಿತು. ಒಂಬತ್ತನೇ ದಿನ, 'ನಿಂತು ಕೆಲಸ ಮಾಡುವುದು ನನ್ನ ಅಭ್ಯಾಸ, ಇದರಲ್ಲಿ ಬೇರೆ ಉದ್ದೇಶವಿರುವುದಿಲ್ಲ' ಎಂದು ಬರೆದು ಕಳಿಸಿದಳು.

ಅದನ್ನು ಓದಿದ ಮಡಿಕೇರಿಯವರಿಗೆ ಬೇರೆ ಉದ್ದೇಶವಿದೆ ಎಂಬುದು ಖಚಿತವಾಯಿತು. ಸ್ಥಳದಲ್ಲೇ ವಿಚಾರಣೆ ಎಂದು ಉತ್ತರ ಬಂತು.

ಫೆಬ್ರವರಿಯ ಒಂದು ಗುರುವಾರ ಬೆಳಗ್ಗೆ ವಿಚಾರಣಾಧಿಕಾರಿ ಬೆಳ್ಯಪ್ಪನವರ ಜೀಪು ಮರಳುಕಟ್ಟೆಗೆ ಬಂತು. ಅವರು ಮಿಲಿಟರಿಯಲ್ಲಿದ್ದು ಬಂದು ಸರ್ಕಾರದ ಕೆಲಸಕ್ಕೆ ಸೇರಿದವರು. ನೆಟ್ಟಗಿನ ಮೀಸೆ, ಕಡಿಮೆ ಮಾತು. ಜೊತೆಗೆ ಒಬ್ಬ ಗುಮಾಸ್ತ. ಸಣ್ಣಸ್ವಾಮಿ ಕೈಮುಗಿದು, ಕೇರಿಯ ಬಾಯಲ್ಲಿದ್ದ ಹೊಂಗೆಮರದ ಹತ್ತಿರವೇ ಜೀಪು ನಿಲ್ಲಿಸಿದ.

"ಒಳಗೆ ಬೇಡ ಸಾರ್. ಅವರ ಮನೆ ಮಾಡು ತಗ್ಗು, ನಿಮ್ಮ ತಲೆಗೆ ತಾಕ್ತದೆ. ಇಲ್ಲೇ ನೆರಳು ಚೆನ್ನಾಗದೆ."

ಅವನ ಮನೆಯಿಂದ ಆಳೊಬ್ಬ ಕೆಂಪು ಮಖಮಲ್ಲಿನ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಂದ. ಬೆಳ್ಯಪ್ಪನವರು ಕೂತರು. ಗುಮಾಸ್ತ ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರಡಿದ. ಕೆಳಗಿನ ಕೇರಿಯ ಮನೆಯಲ್ಲಿ ಯಾರು ಕೂರುತ್ತಾರೆ, ಯಾರು ಕೂರುವುದಿಲ್ಲ ಎಂಬ ವಿಚಾರಣೆ ಹೀಗೆ ಕೇರಿಯ ಹೊರಗೆ ಆರಂಭವಾಯಿತು. ಚನ್ನಬಸಮ್ಮ ಸೈಕಲ್ಲನ್ನು ಮರಕ್ಕೆ ಒರಗಿಸಿ ಪಕ್ಕದಲ್ಲಿ ನಿಂತಳು. ಹೆಬ್ಬಾಲೆಯಿಂದ ಆರು ಮೈಲಿ ತುಳಿದು ಬಂದಿದ್ದಳು.

ಮೊದಲು ಚಿಕ್ಕನನ್ನು ಕರೆದರು. ಹೆಸರಿಗೆ ಚಿಕ್ಕ, ವಯಸ್ಸು ಅರವತ್ತರ ಮೇಲೆ.

"ನಿಮ್ಮ ಸೊಸೆಯ ಹೆರಿಗೆ ಮಾಡಿಸಿದ್ದು ಇವರೇ?"

"ಇವ್ರೇ ಬುದ್ದಿ."

"ಚಾಪೆ ಹಾಕಿದಿರಾ?"

"ಹಾಕಿದ್ವಿ. ಹೊಸದು. ಇನ್ನೂ ಹೊಸದಾಗೇ ಅದೆ."

"ಕೂರಲಿಲ್ಲ?"

"ಇಲ್ಲ ಬುದ್ದಿ."

"ಬೇರೆ ಸರ್ಕಾರದವರು, ಊರವರು, ನಿಮ್ಮ ಮನೆಯಲ್ಲಿ ಕೂತದ್ದುಂಟಾ?"

ಚಿಕ್ಕ ಮೊದಲು ಸಣ್ಣಸ್ವಾಮಿಯನ್ನು ನೋಡಿದ, ಆಮೇಲೆ ಹೊಂಗೆಮರವನ್ನು ನೋಡಿದ. "ಕೂರೋ ಮಾತು ಆಮ್ಯಾಕೆ ಬುದ್ದಿ. ಒಳಗೆ ಬಂದವ್ರೇ ಇವ್ರೊಬ್ರು."

ಗುಮಾಸ್ತ ಪೆನ್ನೆತ್ತಿ, "ಇದನ್ನೂ ಬರೀಬೇಕಾ ಸಾರ್?" ಎಂದ.

"ಅದು ಅರ್ಜಿಯಲ್ಲಿಲ್ವಲ್ಲ," ಎಂದ ಸಣ್ಣಸ್ವಾಮಿ. ಗುಮಾಸ್ತ ಬರೆಯಲಿಲ್ಲ.

ಚಿಕ್ಕನ ಹೆಂಡತಿ ಜವರಿ ಕರೆಯುವ ಮೊದಲೇ ಬಂದು ನಿಂತಿದ್ದಳು. "ಏನ್ ಕೇಳ್ತೀರಿ ಬುದ್ದಿ? ಮಗ ಅಡ್ಡ ಬಂದಿತ್ತು. ಈಯವ್ವ ಕೈ ಹಾಕಿ ತಿರುಗ್ಸಿ ತೆಗೆದ್ರು. ಹೊಕ್ಕಳು ಕುಯ್ದ್ರು. ನನ್ನ ಸೊಸೆ ಮೈ ತೊಳೆದ್ರು. ಹತ್ತು ಸಲ ಕೈ ತೊಳ್ಕಂಡ್ರು. ಕೂರ್ನಿಲ್ಲ, ಅಷ್ಟೇಯ."

"ಕೈ ತೊಳೆದದ್ದು ಮುಟ್ಟೋ ಮೊದಲೋ, ಮುಟ್ಟಿದ ಮೇಲೋ?" ಎಂದು ಸಣ್ಣಸ್ವಾಮಿ ಮೆತ್ತಗೆ ಕೇಳಿದ.

"ಎಲ್ಡೂ ಸಲ."

ಸಣ್ಣಸ್ವಾಮಿ ಬೆಳ್ಯಪ್ಪನವರ ಕಡೆ ತಿರುಗಿ ಹುಬ್ಬೇರಿಸಿದ.

"ಅದು ಸೋಂಕು ತಗಲಬಾರದು ಅಂತ," ಎಂದಳು ಚನ್ನಬಸಮ್ಮ. ಸರಿಯಾದ ಪದವೇ. ಆದರೆ ಅದನ್ನು ಆಡಿದ ಮೇಲೆ, ಮೈಲಿಗೆಗೂ ಬಳಸುವ ಸೋಂಕು ಎಂಬುದು ಆ ಕೇರಿಯ ಬಾಯಲ್ಲಿ ನಿಂತು ಹೇಳಬೇಕಾದ ಪದವಾಗಿರಲಿಲ್ಲ ಎನಿಸಿತು.

ಬೆಳ್ಯಪ್ಪನವರು ಮೀಸೆ ನೇವರಿಸಿಕೊಂಡರು. "ನೋಡಿ ನರ್ಸಮ್ಮ, ನನಗೆ ಉದ್ದದ ಮಾತು ಬರೋದಿಲ್ಲ. ಕೂರದೆ ಇರಲಿಕ್ಕೆ ಕಾರಣ ಉಂಟಾ? ಇದ್ದರೆ ಹೇಳಿ."

ಅವಳು ಬಾಯಿ ತೆರೆದಳು. ಗುಮಾಸ್ತನ ಪೆನ್ನು ಮೇಲೆದ್ದಿತು. ಸಣ್ಣಸ್ವಾಮಿ, ಅವನ ಆಳು, ಜೀಪಿನ ಡ್ರೈವರು, ಎಲ್ಲರೂ ಒಂದೇ ಕಡೆ ನೋಡಿದರು. ಅವಳು ಬಾಯಿ ಮುಚ್ಚಿದಳು.

"ಇಲ್ಲ ಅಂದ್ರೆ, ಈಗ ಕೂರಲಿಕ್ಕೆ ಆಗ್ತದಾ?"

"ಆಗುತ್ತೆ," ಎಂದಳು.

ಜವರಿ ಒಳಗಿನಿಂದ ಅದೇ ಚಾಪೆ ತಂದು ಜಗಲಿಯ ಮೇಲೆ ಹಾಸಿದಳು. ಹೊಂಗೆಮರದಿಂದ ಕಾಣುವಷ್ಟು ಹತ್ತಿರ. ಬೆಳ್ಯಪ್ಪನವರು ಕೈಗಡಿಯಾರ ನೋಡಿ, "ಹತ್ತು ನಿಮಿಷ," ಎಂದರು. ಚನ್ನಬಸಮ್ಮ ಗೋಡೆ ಹಿಡಿದು ಬಗ್ಗಿ, ಕಾಲನ್ನು ಪಕ್ಕಕ್ಕೆ ಮಡಿಸಿ, ಒಂದು ಮಗ್ಗುಲಿನ ಮೇಲೆ ಭಾರ ಬಿಟ್ಟು ಕೂತಳು.

"ಅದು ಕೂತಂಗಲ್ಲ ಸಾರ್," ಎಂದ ಸಣ್ಣಸ್ವಾಮಿ. "ಚಾಪೆಗೆ ತಾಗಿಯೂ ತಾಗದಂಗೆ ಅವ್ರೆ. ಸರಿಯಾಗಿ ಕೂರಲಿ."

ಅವಳು ಸರಿಯಾಗಿ ಕೂತಳು. ಮೊದಲ ನಿಮಿಷ ಹಲ್ಲು ಕಚ್ಚಿದಳು. ಎರಡನೆಯದರಲ್ಲಿ ಎದುರಿಗಿದ್ದ ಕೋಳಿಗಳನ್ನು ಎಣಿಸಿದಳು. ನಾಲ್ಕನೇ ನಿಮಿಷಕ್ಕೆ ಕಣ್ಣಲ್ಲಿ ನೀರು ತುಂಬಿ, ತಡೆಯುವಷ್ಟರಲ್ಲಿ ಕೆನ್ನೆಯ ಮೇಲೆ ಇಳಿಯಿತು. ಒರೆಸಿಕೊಂಡರೆ ಇನ್ನಷ್ಟು ಎದ್ದು ಕಾಣುತ್ತದೆಂದು ಒರೆಸಲೂ ಇಲ್ಲ. ಬೆಳ್ಯಪ್ಪನವರು ಒಳ್ಳೆಯ ಮನುಷ್ಯ. ಬೇರೆ ಕಡೆ ಮುಖ ತಿರುಗಿಸಿದರು. ಏಳನೇ ನಿಮಿಷಕ್ಕೆ, "ಸಾಕು. ಮನಸ್ಸಿಗೆ ತಾಗಿತು. ಬರೆದುಕೊಳ್ಳಿ," ಎಂದು ಗುಮಾಸ್ತನಿಗೆ ಹೇಳಿ ಎದ್ದರು. ಜೀಪು ಹೊರಟಿತು. ಕುರ್ಚಿ ಮತ್ತೆ ತಲೆಯ ಮೇಲೇರಿ ಊರೊಳಗೆ ಹೋಯಿತು.

ಚನ್ನಬಸಮ್ಮ ಏಳಲು ನೋಡಿದಳು. ಜವರಿ ಅವಳ ಭುಜ ಹಿಡಿದಳು.

"ಏಳ್ಬ್ಯಾಡ ಇರವ್ವ. ಎಲ್ಲಿ?"

"ಏನು ಎಲ್ಲಿ?"

"ನಾನು ಎಂಟು ಹೆತ್ತವ್ಳು. ಕೂರೋರ್ನ ಕಂಡ್ರೆ ತಿಳೀತದೆ. ಎಲ್ಲಿ ನೋವು?"

ಒಳಗಿನಿಂದ ಚಿನ್ನ, ಮಗುವಿಗೆ ಹಾಲೂಡಿಸುತ್ತಿದ್ದವಳು, ನಗುತ್ತ ಅಂದಳು: "ನಾಚ್ಕಬ್ಯಾಡ, ಬಾಯ್ಬಿಟ್ಟು ಹೇಳು ಅಂತ ನನ್ನ ಬೈದ್ರಲ್ಲ ಅವತ್ತು."

ಚನ್ನಬಸಮ್ಮ ಸುತ್ತ ನೋಡಿ, ಆರು ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದಳು. "ತೊಡೆಸಂದಿ. ಕೂರೋ ಜಾಗ. ಸೈಕಲ್ಲಿಂದ. ಸುಲಿದು ಹುಣ್ಣಾಗಿ ಮಾಯ್ತಾನೇ ಇಲ್ಲ."

ಜವರಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. "ಇದಕ್ಕಾ ಮಡಿಕೇರಿಯಿಂದ ಜೀಪು ಬಂದಿದ್ದು?" ಅವಳ ಮೈಯೆಲ್ಲ ಕುಲುಕುತ್ತಿತ್ತು. ಚಿನ್ನನೂ ನಕ್ಕಳು. ಅಳುತ್ತಿದ್ದ ಚನ್ನಬಸಮ್ಮನಿಗೂ ನಗು ಬಂತು. ನಕ್ಕರೆ ಇನ್ನೂ ನೋವು.

"ಇವ್ನೇ," ಎಂದು ಜವರಿ ಗಂಡನನ್ನು ಕೂಗಿದಳು. "ಆ ಸೈಕಲ್ಲಿನ ಸೀಟು ನೋಡು. ಅವ್ವಂಗೆ ಕುಯ್ತದಂತೆ."

ಚಿಕ್ಕ ಹೊಂಗೆಮರದ ಕೆಳಗೆ ಸೈಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಬಹಳ ಹೊತ್ತು ನೋಡಿದ. ಆಮೇಲೆ ಜಗಲಿಯ ಕಡೆ ಮುಖ ಮಾಡದೆಯೇ ಮಾತಾಡಿದ.

"ಇದಕ್ಕೆ ಯಾಕವ್ವ ಹೊದ್ಸಿದ್ದೀರಿ? ಚಳಿ ಆಯ್ತದಾ ಇದಕ್ಕೆ?"

"ಮೆತ್ತಗಿರಲಿ ಅಂತ."

"ಮೆತ್ತಗಿರೋದೇ ಕುಯ್ಯೋದು. ಎತ್ತಿನ ಮ್ಯಾಲೆ ಪಿರೂತಿ ಅಂತ ಕೆಲವ್ರು ನೊಗಕ್ಕೆ ಗೋಣಿ ಸುತ್ತಾರೆ. ಬಟ್ಟೆ ಬೆವರು ಕುಡೀತದೆ, ಮುದ್ದೆ ಆಯ್ತದೆ, ಹೊಲಿಗೆ ಎದ್ದು ನಿಂತ್ಕತದೆ. ಹದಿನೈದು ದಿನಕ್ಕೆ ಹೆಗಲು ಕಿತ್ತೋಗಿ ನನ್ನ ತಾವ ಹೊಡ್ಕಂಡು ಬತ್ತಾರೆ. ನುಣುಪಾಗಿರೋ ಮರಕ್ಕೆ ಎಣ್ಣೆ ಉಜ್ಜಿ ಬಿಟ್ರೆ ಏನೂ ಆಗಕ್ಕಿಲ್ಲ. ಅದೂ ಅಲ್ದೆ ನೊಗ ಎತ್ತರ ತಗ್ಗು ಆದ್ರೆ ಎತ್ತು ಅತ್ಲಾಗೆ ಇತ್ಲಾಗೆ ಉಳ್ಳಾಡ್ತದೆ. ಅವ್ವಾರು ಹೋಗೋದ ನೋಡಿವ್ನಿ ದಾರೀಲಿ. ಹಂಗೇಯ."

ತನ್ನ ಬಗ್ಗೆ ಆಡಬಾರದ ಮಾತನ್ನು ಅವನು ಎತ್ತಿನ ಮೇಲೆ ಹಾಕಿ ಆಡುತ್ತಿದ್ದಾನೆ ಎಂದು ಚನ್ನಬಸಮ್ಮನಿಗೆ ತಿಳಿಯಿತು. ತನಗಿಂತ ಜೋಪಾನವಾಗಿ ಮಾತಾಡುವವರನ್ನು ಅವಳು ಅಪರೂಪಕ್ಕೆ ಕಂಡಿದ್ದಳು.

"ಬಿಚ್ಲಾ?" ಎಂದ ಚಿಕ್ಕ. ಅವನ ಕೈ ಕೌದಿಯ ದಾರದ ಹತ್ತಿರ ಹೋಗಿ, ಮುಟ್ಟದೆ ನಿಂತಿತ್ತು.

"ಇರಿ, ನಾನೇ ಬಿಚ್ಚಿಕೊಡ್ತೀನಿ."

ಅವಳು ಎದ್ದು, ಕಾಲು ಅಗಲಿಸಿ ನಡೆದು ಹೋಗಿ, ಒಂದೊಂದೇ ಗಂಟು ಬಿಡಿಸಿದಳು. ಮೂರು ಕೌದಿಗಳ ಕೆಳಗೆ ಸೀಟು ಅಂಗಡಿಯಿಂದ ಬಂದ ದಿನ ಇದ್ದ ಹಾಗೆಯೇ, ಬಿಸಿಲು ಕಾಣದೆ, ಹಸಿ ವಾಸನೆ ಹೊಡೆಯುತ್ತ ಇತ್ತು. ಚಿಕ್ಕ ಹೆಬ್ಬೆರಳಿನಲ್ಲಿ ಅದರ ಅಂಚನ್ನು ಸವರಿದ.

"ಒಳ್ಳೆ ಕೆಲಸ. ಹದ ಮಾಡಿದ ಕೈ ಚೆನ್ನಾಗದೆ. ಮೈಗೆ ತಕ್ಕಂಗೆ ತಾನೇ ತಗ್ಗಿ ಕೂತ್ಕತದೆ, ಎಣ್ಣೆ ಕುಡಿಸಿದ್ರೆ. ಇಂಥದ್ನ ಯಾಕೆ..."

ಅಲ್ಲಿಗೆ ನಿಲ್ಲಿಸಿದ. ಅವಳ ಕೊರಳ ಕಡೆ ನೋಡಿದ. ಲಿಂಗ ಕಟ್ಟಿದ ಬಿಳಿ ಶಿವದಾರ ರವಿಕೆಯೊಳಗೆ ಇಳಿದಿತ್ತು. ಮತ್ತೆ ಸೀಟು ನೋಡಿದ.

"ಚರ್ಮ ಅಂತಲಾ?"

ಕೇಳಿದ್ದರಲ್ಲಿ ಕೋಪವಿರಲಿಲ್ಲ. ನೊಗದ ಬಗ್ಗೆ ಹೇಳಿದಷ್ಟೇ ತಣ್ಣಗೆ ಕೇಳಿದ. ಅಮ್ಮ ಹೊದಿಸಿದ್ದು ಎಂದು ಅವಳು ಹೇಳಬಹುದಿತ್ತು, ನಿಜವೇ ಆಗುತ್ತಿತ್ತು. ಆದರೆ ಆರು ತಿಂಗಳು ಅದರ ಮೇಲೆ ಕೂತವಳು ಅಮ್ಮನಲ್ಲ. ನಾಲ್ಕು ಪದ ಹುಡುಕಿದಳು, ನಾಲ್ಕೂ ಹಗುರವಾಗಿದ್ದವು.

"ಹೂಂ," ಎಂದಳು.

ಚಿಕ್ಕ ತಲೆಯಾಡಿಸಿದ. "ಹರಳೆಣ್ಣೆ ಅದಾ ನಿಮ್ಮ ಚೀಲದಲ್ಲಿ?" ಎಂದ.

ಹೆರಿಗೆಯ ಚೀಲದಲ್ಲಿ ಹರಳೆಣ್ಣೆ ಇಲ್ಲದೆ ಇರುತ್ತದೆಯೇ? ಅವನು ಮೂರು ಸಲ ಸೀಟಿಗೆ ಎಣ್ಣೆ ಉಜ್ಜಿ, ಮೂರು ಸಲ ಬಿಸಿಲಿಗೆ ಇಟ್ಟ. ಸರ್ಕಾರ ಕೊಟ್ಟಿದ್ದ ಸ್ಪ್ಯಾನರು ಮೊದಲ ಸಲ ಚೀಲದಿಂದ ಹೊರಬಂತು. ಅವಳ ಕಾಲಿನ ಅಳತೆ ನೋಡಿ, ಇಬ್ಬರೂ ಸೇರಿ, ಅವನು ಹೇಳಿದ ಹಾಗೆ, ಪೆಡಲು ಕೆಳಗಿದ್ದಾಗ ಮಂಡಿ ತುಸುವೇ ಬಾಗುವ ಎತ್ತರಕ್ಕೆ ಸೀಟನ್ನು ಕೂರಿಸಿದರು. ಜವರಿ ಒಳಗೆ ಕರೆದು, ಸೀರೆಯ ಕೆಳಗೆ ಹೊಲಿಗೆಯಿಲ್ಲದ ಹಳೆಯ ಮೆತ್ತನೆ ಬಟ್ಟೆಯನ್ನು ಹೇಗೆ ಬಿಗಿದು ಉಡಬೇಕೆಂದು ತೋರಿಸಿದಳು. ಹೊರಡುವ ಮೊದಲು ಮೈಗೂ ಒಂದಿಷ್ಟು ಎಣ್ಣೆ ಸವರಿಕೊ, ಆದಮೇಲೆ ಅಲ್ಲ, ಮೊದಲು ಎಂದಳು.

ಹೊಸ ಚಾಪೆಯ ಮೇಲೆ ಬೋರಲು ಮಲಗಿ ಬಿಸಿಲು ತಗ್ಗುವವರೆಗೂ ಇದ್ದು, ಚನ್ನಬಸಮ್ಮ ಸೈಕಲ್ಲು ತಳ್ಳಿಕೊಂಡೇ ಮನೆಗೆ ಹೋದಳು. ಎಂಟು ದಿನ ರಜೆ ಹಾಕಿದಳು. ಒಂಬತ್ತನೇ ದಿನದಿಂದ ಬರೀ ಸೀಟಿನ ಮೇಲೆ ಕೂತು, ಮೈಲಿಗಲ್ಲು ಬಂದಾಗಲೆಲ್ಲ ಪೆಡಲಿನ ಮೇಲೆ ಒಂದಿಷ್ಟು ಎದ್ದು ನಿಂತು ಗಾಳಿಯಾಡಿಸಿಕೊಂಡು, ಮನೆಗೆ ಬಂದ ತಕ್ಷಣ ತೊಳೆದು ಒಣಗಿಸಿಕೊಂಡು ನೋಡಿದಳು. ಹದಿನೆಂಟು ಮೈಲಿಗೂ ಚರ್ಮ ಕೆಂಪಾಗಲಿಲ್ಲ. ಆ ವಾರ ಅವಳು ಹೋದ ಮನೆಗಳಲ್ಲೆಲ್ಲ ಕೂತಳು. ವನಜಮ್ಮನನ್ನು ನೋಡಲು ಹೋದಾಗ ಮಖಮಲ್ಲಿನ ಕುರ್ಚಿಯ ಮೇಲೂ ಕೂತಳು. ಸುಧಾರಣೆ ಎಂದರೆ ಹೀಗೆ ಆಗಬೇಕು ಎಂದು ಸಣ್ಣಸ್ವಾಮಿ ಸಂಘದಲ್ಲಿ ಭಾಷಣ ಮಾಡಿದ.

"ಸೀಟಿನ ಕೌದಿ ಎಲ್ಲಿ?" ಎಂದು ರುದ್ರಮ್ಮ ಕೇಳಿದ್ದಳು.

"ಒಗೆದು ಹಾಕಿದೀನಿ ಅವ್ವ."

ಎರಡು ದಿನ ಬಿಟ್ಟು, "ಒಣಗ್ತಾ?" ಎಂದಳು.

"ಇನ್ನೂ ಇಲ್ಲ."

ಫೆಬ್ರವರಿ ಮುಗಿಯಿತು. ಮಾರ್ಚಿನ ಬಿಸಿಲಿಗೆ ಹೆಬ್ಬಾಲೆಯ ಕೆರೆಯೇ ಅರ್ಧ ಒಣಗಿತು. ಕೌದಿ ಮಾತ್ರ ಒಣಗಲಿಲ್ಲ. ರುದ್ರಮ್ಮ ಮೂರು ವಾರ ಕೇಳಿದಳು, ಆಮೇಲೆ ಕೇಳುವುದನ್ನು ಬಿಟ್ಟಳು. ಮಗಳು ಈಗ ಕೂತು ಉಣ್ಣುತ್ತಿದ್ದಾಳೆ ಎಂಬುದನ್ನು ಅವಳೂ ನೋಡುತ್ತಿದ್ದಳು.

ಮಾರ್ಚ್ ಇಪ್ಪತ್ತಾರಕ್ಕೆ ಮಡಿಕೇರಿಯ ಕಾಗದ ಬಂತು. ತಂದ ಜವಾನ, ಸಹಿ ಮಾಡಿಸಿ ಒಂದು ಪ್ರತಿ ವಾಪಸು ತರಬೇಕೆಂದಿದ್ದಾರೆ ಎಂದು ಬಾಗಿಲಲ್ಲಿ ನಿಂತ. ಚನ್ನಬಸಮ್ಮ ಅವನಿಗೆ ಮಣೆ ಹಾಕಿ, ಕಾಗದ ಬಿಡಿಸಿದಳು.

ಸದರಿ ಮಿಡ್‌ವೈಫ್ ಅವರು ಅಸ್ಪೃಶ್ಯರ ಮನೆಯಲ್ಲಿ ಆಸನ ನಿರಾಕರಿಸಿದ್ದು ವಿಚಾರಣೆಯಲ್ಲಿ ಸಾಬೀತಾಗಿರುತ್ತದೆ. ಆದರೆ ಸ್ಥಳದಲ್ಲೇ ತಮ್ಮ ತಪ್ಪಿನ ಅರಿವಾಗಿ ಪಶ್ಚಾತ್ತಾಪದಿಂದ ಕಣ್ಣೀರು ಸುರಿಸಿದ್ದನ್ನು ವಿಚಾರಣಾಧಿಕಾರಿಗಳು ಖುದ್ದು ಕಂಡಿರುವುದರಿಂದ, ಎಚ್ಚರಿಕೆ ನೀಡಿ, ಏಪ್ರಿಲ್ ಒಂದರಿಂದ ಸೇವೆಯಲ್ಲಿ ಕಾಯಂಗೊಳಿಸಲಾಗಿದೆ. ಆಕ್ಷೇಪಣೆ ಇದ್ದಲ್ಲಿ ತಿಳಿಸಬಹುದು. ಇಲ್ಲವಾದಲ್ಲಿ 'ಓದಿ ಒಪ್ಪಿರುತ್ತೇನೆ' ಎಂಬಲ್ಲಿ ಸಹಿ ಮಾಡತಕ್ಕದ್ದು.

ಅವಳಿಗೆ ಮೊದಲು ಬಂದದ್ದು ಸಿಟ್ಟು. ಪಶ್ಚಾತ್ತಾಪದಿಂದ! ಈ ಸುಳ್ಳು ಅವಳ ಸೇವಾ ಪುಸ್ತಕದಲ್ಲಿ ನಿವೃತ್ತಿಯವರೆಗೂ ಇರುತ್ತದೆ. ಒಂದು ಹಾಳೆ ತೆಗೆದು, 'ಆ ಕಣ್ಣೀರು ನೋವಿನದೇ ಹೊರತು ಪಶ್ಚಾತ್ತಾಪದ್ದಲ್ಲ' ಎಂದು ಆರಂಭಿಸಿದಳು. ಯಾವ ನೋವು ಎಂದು ಬರೆಯಲು ಈಗ ಅಂಜಿಕೆಯಿರಲಿಲ್ಲ, ಬರೆದಳು. ಆ ನೋವು ಯಾತರಿಂದ ಎಂದು ಬರೆಯಬೇಕಿತ್ತು. ಸೀಟಿಗೆ ಹೊದಿಸಿದ್ದ ಹೊಲಿಗೆಯ ಬಟ್ಟೆಯಿಂದ ಎಂದು ಅದನ್ನೂ ಬರೆದಳು. ಬಟ್ಟೆಯನ್ನು ಯಾಕೆ ಹೊದಿಸಿದ್ದು ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಮರಳುಕಟ್ಟೆಯ ಹೊಂಗೆಯ ನೆರಳಲ್ಲಿ, ಚರ್ಮ ಅಂತಲಾ ಎಂದು ಚಿಕ್ಕ ಕೇಳಿದ್ದಕ್ಕೆ ಅವಳು ಹೂಂ ಎಂದದ್ದನ್ನು ಗುಮಾಸ್ತ ಬರೆದುಕೊಂಡಿರಲಿಲ್ಲ, ಅಷ್ಟರಲ್ಲಿ ಜೀಪು ಹೋಗಿಯಾಗಿತ್ತು.

ಅವಳು ಕಾಗದವನ್ನು ಮೊದಲಿನಿಂದ ಮತ್ತೊಮ್ಮೆ ಓದಿದಳು. ಸಾಬೀತಾಗಿರುತ್ತದೆ. ತಪ್ಪಿನ ಅರಿವಾಗಿ. ದಿನ ತಪ್ಪು, ಜಾಗ ತಪ್ಪು, ಕಂಡವರು ಕಂಡದ್ದೂ ತಪ್ಪು. ಅಷ್ಟು ತಪ್ಪುಗಳನ್ನು ತೆಗೆದುಹಾಕಿದ ಮೇಲೆ ಉಳಿಯುವ ವಾಕ್ಯವನ್ನು ಅವಳು ಎಷ್ಟು ತಿರುಗಿಸಿ ನೋಡಿದರೂ ಹೊಡೆದುಹಾಕಲು ಬರಲಿಲ್ಲ. ಜವಾನ ಕೆಮ್ಮಿದ. ಅವಳು ಅರ್ಧ ಬರೆದ ಹಾಳೆಯನ್ನು ಮಡಿಸಿ, ಒಪ್ಪಿರುತ್ತೇನೆ ಎಂಬಲ್ಲಿ ಸಹಿ ಹಾಕಿ ಕೊಟ್ಟಳು.

"ಏನಂತೆ?" ಎಂದಳು ರುದ್ರಮ್ಮ, ಅವನು ಹೋದ ಮೇಲೆ.

"ಕಾಯಂ ಆಯ್ತು ಅವ್ವ."

"ಶಿವನೇ. ಅದಕ್ಕೆ ಯಾಕೆ ಅಷ್ಟು ಹೊತ್ತು? ಪಾಪ ಅವನು ಕಾದು ಕಾದು ಸಾಕಾದ."

"ಬರೆದಿರೋದು ಸರಿ ಇದೆಯಾ ಅಂತ ನೋಡ್ತಿದ್ದೆ."

"ಇತ್ತಾ?"

"ಇದೆ ಅನ್ಸುತ್ತೆ," ಎಂದಳು ಚನ್ನಬಸಮ್ಮ.